ರೊಟ್ಟಿ ಬಡಿಯೋ ಹೊತ್ತು

ಆಗೆಲ್ಲ ನಮ್ಮ ಮನೆಯಲ್ಲಿ ಸಂಜೆಯಾಯಿತು ಅಂತ ಗಡಿಯಾರ ನೋಡಿ ತಿಳಕೊಂಡವರಿಲ್ಲ. ಅವ್ವ ರೊಟ್ಟಿ ಬಡಿಯೋಕೆ ಕೂತಳು ಅಂದರೆ ಸಂಜೆ. ಧಪ್ ಧಪ್ ಧಪ್, ಒಂದು ತಿರುವು, ಮತ್ತೆ ಧಪ್ ಧಪ್. ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳ್ತೀನಿ: ನಮ್ಮಲ್ಲಿ ಜೋಳದ ರೊಟ್ಟಿಯನ್ನು ಲಟ್ಟಿಸೋದಿಲ್ಲ, ಅಂಗೈಯಿಂದ ಬಡೀತಾರೆ. ಕಟ್ಟಿಗೆಯ ಮಣೆ, ಅದರ ಮೇಲೆ ಒಣಹಿಟ್ಟು, ಹಿಟ್ಟಿನ ಮೇಲೆ ಮುದ್ದೆ, ಮುದ್ದೆಯ ಮೇಲೆ ಬಲಗೈ. ಕೈ ಪಳಗಿದಷ್ಟೂ ರೊಟ್ಟಿ ತೆಳು. ನಮ್ಮವ್ವನ ಕೈ ಬಲು ಪಳಗಿದ ಕೈ. ಅದು ಎಷ್ಟು ಗಟ್ಟಿ ಅನ್ನೋದು ನನ್ನ ಬೆನ್ನಿಗೂ ಆಗಾಗ ಗೊತ್ತಾಗುತ್ತಿತ್ತು.

ಅಪ್ಪನಿಗೆ ಬ್ಯಾಂಕಿನಲ್ಲಿ ಕೆಲಸ. ವಿಜಯವಾಡಕ್ಕೆ ವರ್ಗವಾಗಿ, ಭವಾನಿಪುರಂನ ಒಂದು ಅಪಾರ್ಟ್‌ಮೆಂಟಿನ ಮೇಲಿನ ಮಹಡಿಗೆ ನಾವು ಬಂದಾಗ ನನಗೆ ಹತ್ತು ವರ್ಷ. ಟೆರೇಸಿಗೆ ಹೋದರೆ ಕೃಷ್ಣಾ ನದಿ ಕಾಣಿಸೋದು, ನದಿ ನಡುವಿನ ದ್ವೀಪಕ್ಕೆ ಹೋಗಿಬರುವ ದೋಣಿಗಳು ಕಾಣಿಸೋವು. ಅವ್ವ ಮೊದಲ ದಿನವೇ ನೋಡಿ, "ಇದು ನಮ್ಮ ಹೊಳೀನ ಐತಿ. ಇಲ್ಲಿಗೆ ಬಂದು ಊದಿಕೊಂಡೈತಿ ಅಷ್ಟ" ಅಂದಳು. ಅವಳ ಹಳ್ಳಿಯಿಂದ ಹರಿದುಬಂದ ನೀರು ಅಂತ ಅವಳಿಗೆ ಅದರ ಮೇಲೆ ಸಲಿಗೆ.

ಅಲ್ಲಿಯವರು ಅನ್ನದವರು. ಜೋಳ ಅಂದರೆ ಅವರ ಲೆಕ್ಕದಲ್ಲಿ ಸಕ್ಕರೆ ಕಾಯಿಲೆಯವರ ಊಟ. ಅದನ್ನು ಮನೆಯಲ್ಲಿ ಹೀಗೆ ದಿನಾ ಬಡಿದು ಮಾಡ್ತಾರೆ ಅಂತ ಆ ಕಟ್ಟಡದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹಾಗಾಗಿ ನಾವು ಬಂದು ಸ್ವಲ್ಪ ದಿನಕ್ಕೆ, ಮೆಟ್ಟಿಲ ಮೇಲೆ ಪ್ರೆಸಿಡೆಂಟ್ ಗಾರ ಮಗ ನನ್ನನ್ನು ನಿಲ್ಲಿಸಿ ಕೇಳಿದ. ಗಾರು ಅಂದರೆ ತೆಲುಗಿನಲ್ಲಿ ನಮ್ಮ 'ಅವರು' ಇದ್ದ ಹಾಗೆ. ಪ್ರೆಸಿಡೆಂಟ್ ಅಂದರೆ ದೇಶದ್ದಲ್ಲ, ನಮ್ಮ ಅಪಾರ್ಟ್‌ಮೆಂಟ್ ಸಂಘದ್ದು.

"ನಿಮ್ಮ ನಾನ್ನ ದಿನಾ ಸಂಜೆ ನಿಮ್ಮ ಅಮ್ಮನ್ನ ಹೊಡೀತಾರಂತಲ್ಲ? ಅವಳು ಅಳೋದೂ ಇಲ್ಲವಂತೆ. ನಮ್ಮಮ್ಮ ಹೇಳಿದಳು."

ನಾನ್ನ ಅಂದರೆ ಅಪ್ಪ. ನನ್ನ ಕೈಯಲ್ಲಿ ಸ್ಟೀಲಿನ ನೀರಿನ ಬಾಟಲಿ ಇತ್ತು. ಮುಂದಿನದು ನಾನು ಯೋಚನೆ ಮಾಡಿ ಮಾಡಿದ್ದಲ್ಲ. ಅವನ ತುಟಿ ಒಡೆದು ಅಂಗಿಯ ಮೇಲೆಲ್ಲ ರಕ್ತ. ಅವನು ನನ್ನ ಜಡೆ ಹಿಡಿದು ಗೋಡೆಗೆ ತಿಕ್ಕಿದ. ನಾನು ಅವನ ಹೊಟ್ಟೆಗೆ ಒದ್ದೆ. ಇಬ್ಬರೂ ಉರುಳಿಕೊಂಡು ಒಂದು ಮಹಡಿ ಕೆಳಗೆ ಹೋಗಿ ಬಿದ್ದೆವು. ಆ ವಯಸ್ಸಿನಲ್ಲಿ ನನಗೆ ಎಲ್ಲ ಮಾತಿಗೂ ಗೊತ್ತಿದ್ದ ಉತ್ತರ ಅದೊಂದೇ.

ಸಂಜೆ ಹುಡುಗನ ತಾಯಿ ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಅವ್ವ ಮೊದಲು ನನಗೆ ರಪ್ ಅಂತ ಒಂದು ಕೊಟ್ಟು, ಆಮೇಲೆ ವಿಷಯ ಏನು ಅಂತ ಕೇಳಿದಳು. ಆ ಪೈಕಿ ಒಬ್ಬಳು ಸಂಕೋಚಪಡುತ್ತ, "ನಮಗೆಲ್ಲ ಕೇಳಿಸುತ್ತಲ್ಲಮ್ಮಾ, ದಿನಾ ಸಂಜೆ..." ಅಂತ ಅರ್ಧಕ್ಕೆ ಬಿಟ್ಟಳು. ಅವ್ವನಿಗೆ ಅರ್ಥ ಆಗೋಕೆ ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ತಡ, ಸೆರಗು ಬಾಯಿಗೆ ಹಿಡಕೊಂಡು ಕಣ್ಣಲ್ಲಿ ನೀರು ಬರೋವರೆಗೂ ನಕ್ಕಳು. ಅವರನ್ನೆಲ್ಲ ಕೈಹಿಡಿದು ಅಡುಗೆಮನೆಗೆ ಎಳಕೊಂಡು ಹೋಗಿ, ಮಣೆ ಹಾಕಿ ಕೂತು, "ನೋಡ್ರಿ, ಇವನನ್ನ ಹೊಡೀತೀನಿ ನಾನು" ಅಂತ ಮುದ್ದೆ ತೋರಿಸಿ ಬಡಿದಳು. ಅವ್ವನ ತೆಲುಗು ಅರ್ಧಕ್ಕರ್ಧ ಕನ್ನಡ. ಆದರೂ ಎಲ್ಲರಿಗೂ ತಿಳಿಯಿತು. ಬಿಸಿ ರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿ. ತಿಂದು, ನಕ್ಕು, "ಅಯ್ಯೋ ರಾಮಾ, ಇದಾ!" ಅನ್ನುತ್ತ ಹೋದರು. ಮರುದಿನಕ್ಕೆ ಇಡೀ ಕಟ್ಟಡಕ್ಕೆ ಗೊತ್ತು: ಸಂಜೆ ಧಪ್ ಧಪ್ ಅಂದರೆ ಕನ್ನಡದಮ್ಮನ ರೊಟ್ಟಿ.

ಅಪ್ಪ ಮಾತ್ರ ನಗಲಿಲ್ಲ. ಇರುವೆಯನ್ನೂ ಊದಿ ದಾಟಿಸುವ ಮನುಷ್ಯ ಅವನು. "ಇಷ್ಟ ದಿನ ಎಲ್ಲಾರೂ ನನ್ನ ಮಾರಿ ನೋಡಿ ಇದನ್ನ ಅಂದ್ಕೊಂಡಿದ್ರಲ್ಲ, ಗಿರಿಜಾ" ಅಂತ ಊಟಕ್ಕೆ ಕೂತಲ್ಲಿ ಕುಗ್ಗಿಹೋದ.

"ಅಂದ್ಕೊಂಡ್ರ ಅಂದ್ಕೊಳ್ಳಿ" ಅಂದಳು ಅವ್ವ. "ನೀವು ಹೊಡಿಯಾವರ ಅಲ್ಲ ಅಂತ ನನಗ ಗೊತ್ತೈತಿ, ನಿಮಗ ಗೊತ್ತೈತಿ. ಮತ್ತ ಇನ್ಯಾರಿಗೆ ಗೊತ್ತಾಗಬೇಕು? ರೊಟ್ಟಿ ಆರತೈತಿ, ಉಣ್ರಿ."

ಆ ದಿನ ಬಂದಿದ್ದ ಹೆಂಗಸರಲ್ಲಿ ಒಬ್ಬಳು ನಗದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಮ್ಮ ಕೆಳಗಿನ ಮನೆಯ ಪದ್ಮ. ನಾನು ಪಿನ್ನಿ ಅಂತ ಕರೆಯುತ್ತಿದ್ದೆ, ಅಂದರೆ ಚಿಕ್ಕಮ್ಮ. ಹೊರಡುವಾಗ ಅವಳು ಒಂದೇ ಮಾತು ಕೇಳಿದಳು: "ದಿನಾ ಇದೇ ಹೊತ್ತಿಗಾ ಅಕ್ಕ?"

"ಹೂಂ ತಂಗಿ, ದಿನಾ ಇದ ಹೊತ್ತಿಗೆ."

ಪದ್ಮ ಪಿನ್ನಿಯ ಗಂಡ ಮೂರ್ತಿಗಾರು. ಕಟ್ಟಡದಲ್ಲಿ ಅವರಂಥ ಒಳ್ಳೆಯವರಿಲ್ಲ ಅಂತ ಎಲ್ಲರ ಬಾಯಲ್ಲೂ. ನೀರಿನ ಮೋಟಾರು ಕೆಟ್ಟರೆ ಅವರೇ, ಯಾರಿಗಾದರೂ ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಅವರೇ. ಎಲ್ಲಕ್ಕಿಂತ ಹೆಚ್ಚಾಗಿ ಬೇಸಿಗೆಯಲ್ಲಿ ಆವಕಾಯಿ. ಆಂಧ್ರದವರ ಆವಕಾಯಿ ಉಪ್ಪಿನಕಾಯಿ ಅಂದರೆ ಮಾವಿನಕಾಯಿಯನ್ನು ಒಳಗಿನ ಓಟೆ ಸಮೇತ ಹೋಳು ಮಾಡಬೇಕು, ಓಟೆ ಇಲ್ಲದ ಹೋಳು ಮೆತ್ತಗಾಗಿಬಿಡುತ್ತೆ. ಅದಕ್ಕೆ ಭಾರದ ಕತ್ತಿ ಬೇಕು, ಭಾರದ ಕೈ ಬೇಕು. ಮೂರ್ತಿಗಾರು ಟೆರೇಸಿನಲ್ಲಿ ಬನಿಯನ್ನು ಹಾಕಿಕೊಂಡು ಕೂತು ಇಡೀ ಕಟ್ಟಡದ ಮಾವಿನಕಾಯಿ ಕತ್ತರಿಸಿ ಕೊಡುತ್ತಿದ್ದರು. ಒಂದು ಕಾಯಿಗೆ ಒಂದೇ ಏಟು. ಖಚ್! ಎರಡನೇ ಏಟು ಬಿದ್ದದ್ದನ್ನು ನಾನು ನೋಡಲೇ ಇಲ್ಲ. ಹೆಂಗಸರು ಬಕೆಟ್ಟು ಹಿಡಿದು ಸಾಲಾಗಿ ಕೂತಿರುತ್ತಿದ್ದರು, ನಾವು ಮಕ್ಕಳು ಬಟ್ಟೆಯಿಂದ ಹೋಳು ಒರೆಸುತ್ತಿದ್ದೆವು. ಸಾಸಿವೆ ಪುಡಿ, ಖಾರದ ಪುಡಿಯ ಘಾಟಿಗೆ ಎಲ್ಲರ ಮೂಗಲ್ಲೂ ನೀರು. ಅವರ ಮಗಳು ಸ್ವಾತಿ ನನ್ನ ಓರಗೆಯವಳು, ನನ್ನ ಪಕ್ಕ ಕೂತು ಒರೆಸುತ್ತಿದ್ದಳು. ಪ್ರತಿ ಏಟಿಗೂ ಅವಳ ಭುಜ ಅಲುಗುತ್ತಿತ್ತು. ಹೆದರುಪುಕ್ಕಲಿ ಅಂತ ನಾನು ರೇಗಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ಸ್ವಾತಿ ನನ್ನನ್ನು ಮಧ್ಯಾಹ್ನವಾದರೆ ಸಾಕು, ಒಂದೇ ಪ್ರಶ್ನೆ ಕೇಳೋಕೆ ಶುರುಮಾಡಿದಳು. ಟೆರೇಸಿನ ನೆರಳಲ್ಲಿ ಕುಂಟಾಬಿಲ್ಲೆ ಆಡುತ್ತ ಆಡುತ್ತ, ಬಿಲ್ಲೆ ಕೈಯಲ್ಲೇ ಹಿಡಕೊಂಡು: "ಶೋಭಾ, ಇವತ್ತು ನಿಮ್ಮನೇಲಿ ರೊಟ್ಟೆಗಳಾ?"

ಹೂಂ ಅಂದರೆ ಅವಳ ಆಟ ಕೆಡುತ್ತಿತ್ತು, ಗೆರೆ ತುಳಿದುಬಿಡುತ್ತಿದ್ದಳು. ಅವಳಿಗೆ ರೊಟ್ಟಿಯ ಆಸೆ ಅಂತ ನಾನು ತಿಳಿದು ಅವ್ವನಿಗೆ ಹೇಳಿದೆ. ಅವ್ವ ಪಾಪ ದಿನಾ ಒಂದು ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೆಳಗೆ ಕಳಿಸುತ್ತಿದ್ದಳು. ಬಾಗಿಲು ತೆರೆಯೋಕೆ ಅವರು ಹೊತ್ತು ಮಾಡುತ್ತಿದ್ದರು. ತೆರೆದರೆ ಮೂರ್ತಿಗಾರೇ, ಬೆವೆತ ಮುಖದಲ್ಲಿ ನಗುತ್ತ, "ಥ್ಯಾಂಕ್ಸ್ ಅಮ್ಮಾ" ಅನ್ನೋರು.

ಒಂದು ಸಂಜೆ ಅವ್ವನಿಗೆ ಮೈಯಲ್ಲಿ ಹುಷಾರಿರಲಿಲ್ಲ. ಮಧ್ಯಾಹ್ನದ ಅನ್ನ ಇದೆ, ರೊಟ್ಟಿ ಬೇಡ ಅಂತಾಯಿತು. ಕರೆಂಟು ಹೋಗಿತ್ತು. ಅವ್ವ ಬಾಲ್ಕನಿಯಲ್ಲಿ ನನ್ನನ್ನು ಕಾಲ ಸಂದಿಗೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಸುತ್ತ ಟಿವಿ ಇಲ್ಲ, ಫ್ಯಾನಿಲ್ಲ. ಆಗ ಶುರುವಾಯಿತು.

ಧಪ್. ಧಪ್ ಧಪ್.

"ಅವ್ವಾ, ಕೆಳಗೂ ರೊಟ್ಟಿ ಮಾಡಾಕ ಕಲ್ತಾರ ನೋಡು" ಅಂದೆ ನಾನು ಖುಷಿಯಿಂದ.

ಬಾಚಣಿಗೆ ನನ್ನ ತಲೆಯಲ್ಲೇ ನಿಂತಿತು. ರೊಟ್ಟಿ ಬಡಿಯೋರ ಕಿವಿಗೆ ರೊಟ್ಟಿ ಯಾವುದು ಅಂತ ಗೊತ್ತಾಗದೆ ಇರುತ್ತದೆಯೇ? ರೊಟ್ಟಿ ಬಡಿಯುವಾಗ ನಡುವೆ ತಿರುವಬೇಕು, ತಟ್ಟನೆ ಒಂದು ಬಿಡುವು ಬರುತ್ತದೆ. ಈ ಸದ್ದಿನಲ್ಲಿ ತಿರುವೇ ಇರಲಿಲ್ಲ. ಅದರ ಅಡಿಯಲ್ಲಿ ಇನ್ನೊಂದು ಸದ್ದು, ಬಟ್ಟೆ ತುರುಕಿದ ಬಾಯಿಂದ ಬರುವಂಥದ್ದು. ಕಿಟಕಿಯಿಂದ ಕಿಟಕಿಗೆ ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದೂ ಕೇಳಿಸಿತು: "ಕನ್ನಡದಮ್ಮ ಕತ್ತಲಲ್ಲೂ ಬಿಡಲ್ಲ ನೋಡು ರೊಟ್ಟೆ!" ಇಬ್ಬರೂ ನಕ್ಕರು.

ಅವ್ವ ನನ್ನನ್ನು ಒಳಗೆ ತಳ್ಳಿ, ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿಸಿಟ್ಟಿದ್ದ ಮಣೆ ನೋಡುತ್ತ ನಿಂತಳು. "ನಾನ ಅವನಿಗೆ ಮರೆ ಮಾಡಿಕೊಟ್ಟೆ. ಕರದು ಕೂಡಿಸಿ, ಬೆಣ್ಣಿ ಹಚ್ಚಿ ತಿನಿಸಿ, ಧಪ್ ಅಂದ್ರ ರೊಟ್ಟಿ ಅಂತ ಇಡೀ ಊರಿಗೆ ನಾನ ಸಾರಿದೆ" ಅಂದಳು. ಇಂಥ ಮರೆ ಕೊಡೋಕೆ ಇನ್ಯಾರ ಮನೆಯವರಿಗೆ ಸಾಧ್ಯವಿತ್ತು ಹೇಳಿ, ರೊಟ್ಟಿಯವರನ್ನು ಬಿಟ್ಟರೆ?

ಮರುದಿನ ಮೂರ್ತಿಗಾರು ಹೊರಗೆ ಹೋದದ್ದೇ ಅವ್ವ ಕೆಳಗಿಳಿದಳು. ನಾನು ಹಿಂದೆಯೇ. ಪದ್ಮ ಪಿನ್ನಿ ಮೊದಲು ನಕ್ಕಳು, ಆಮೇಲೆ ಜಾರಿಬಿದ್ದೆ ಅಂದಳು. ಅವ್ವ ಸುಮ್ಮನೆ ಅವಳನ್ನು ತಿರುಗಿಸಿ ರವಿಕೆ ಎತ್ತಿದಳು. ಬೆನ್ನ ಮೇಲೆ ಬೆರಳುಗಳು ಒಂದರ ಮೇಲೊಂದು ಮೂಡಿದ್ದವು. ಹಳೆಯವು ಹಳದಿ, ಹೊಸವು ನೇರಳೆ. ಮುಖದ ಮೇಲೆ ಒಂದು ಗುರುತಿಲ್ಲ. ಬುದ್ಧಿವಂತ ಕೈ!

"ಒಂದೊಂದು ದಿನ ಸಾರಿಗೆ ಉಪ್ಪು ಹೆಚ್ಚಾಯ್ತು ಅಂತ, ಒಂದೊಂದು ದಿನ ಕಾರಣವೇ ಇಲ್ಲ" ಅಂದಳು ಪಿನ್ನಿ. "ವೈಜಾಗಿನಲ್ಲಿ ನಮ್ಮಕ್ಕ ಇದ್ದಾಳೆ. ಆದರೆ ಹೋದರೆ ಜನ ಏನಂತಾರೆ ಅಕ್ಕ? ಎಲ್ಲರಿಗೂ ಅವರು ದೇವರು. ತಪ್ಪು ನನ್ನದೇ ಅಂತಾರೆ."

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಎಲ್ಲ ಕೇಳಿಸಿಕೊಂಡ. ಕೈ ತಟ್ಟೆಯಲ್ಲೇ ಉಳಿಯಿತು. "ಮಂದಿ ಮನಿ ಸುದ್ದಿ, ಗಿರಿಜಾ. ನಾವು ಪರಸ್ಥಳದವರು. ಇವತ್ತ ಇದ್ದು ನಾಳೆ ಟ್ರಾನ್ಸ್‌ಫರ್ ಆಗೋರು. ಗಂಡ ಹೆಂಡಿರ ಜಗಳ ಉಂಡು ಮಲಗೂತನಕ ಅಂತಾರ."

"ಉಂಡು ಮಲಗಾಕ ಬೆನ್ನ ಇರಬೇಕಲ್ಲರಿ!" ಅವ್ವ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. ಪಲ್ಯ ಗೋಡೆಗೆ ಹಾರಿತು. ಅಪ್ಪನ ಮುಂದೆ ಅವಳು ಹಾಗೆ ದನಿ ಎತ್ತಿದ್ದು ನಾನು ಅದೇ ಮೊದಲು ನೋಡಿದ್ದು.

ಪ್ರೆಸಿಡೆಂಟರ ಮನೆಗೂ ಹೋದಳು. ಅವರು ಕಾಫಿ ಕೊಟ್ಟರು, ತಲೆ ಅಲ್ಲಾಡಿಸಿದರು. "ನಿಮ್ಮ ರೊಟ್ಟೆ ಸದ್ದಮ್ಮಾ ಅದು. ಮೂರ್ತಿ ಅಂಥವರಲ್ಲ. ಒಳ್ಳೆಯವರ ಮೇಲೆ ಹೀಗೆಲ್ಲ ಹೇಳಬಾರದು" ಅಂದರು.

ಅವ್ವ ಮನೆಗೆ ಬಂದಳು. ನಾನು ಕಾಯುತ್ತಿದ್ದೆ, ಈಗ ಇವಳು ಕಿರುಚ್ತಾಳೆ, ಏನಾದರೂ ಒಡೀತಾಳೆ ಅಂತ. ನಾನಾಗಿದ್ದರೆ ಪ್ರೆಸಿಡೆಂಟರ ಕಾಫಿ ಲೋಟ ಅವರ ಗೋಡೆಗೇ ಎಸೆದು ಬರುತ್ತಿದ್ದೆ. ಅವ್ವ ಮಣೆ ತೊಳೆದು, ಒರೆಸಿ, ಅಟ್ಟದ ಮೇಲೆ ಇಟ್ಟಳು. ಆಮೇಲೆ ಮೆಟ್ಟಿಲ ಮೇಲೆ ನಿಂತು, ಮೂರೂ ಮಹಡಿಗೆ ಕೇಳುವ ಹಾಗೆ, ತನ್ನ ಮುರುಕು ತೆಲುಗಿನಲ್ಲಿ ಕೂಗಿ ಹೇಳಿದಳು.

"ಕೇಳ್ರಿ ಎಲ್ಲಾರೂ! ಇವತ್ತಿಂದ ನಮ್ಮನ್ಯಾಗ ರೊಟ್ಟಿ ಬಂದ್. ಇನ್ನ ಮ್ಯಾಲೆ ಈ ಕಟ್ಟಡದಾಗ ಧಪ್ ಅಂದ್ರ ಅದು ನನ್ನದಲ್ಲ. ಯಾರದು ಅಂತ ನೀವ ನೋಡ್ಕೋರಿ."

ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಹುಚ್ಚು ಅಂದರು. ಹುಟ್ಟಿದಾಗಿನಿಂದ ಎರಡು ಹೊತ್ತು ರೊಟ್ಟಿ ತಿಂದ ಅಪ್ಪ ಅನ್ನದ ಮುಂದೆ ಕೂತು, "ಹೊಟ್ಟಿ ತುಂಬತೈತಿ, ಊಟಾ ಆದಂಗ ಆಗೂದಿಲ್ಲ" ಅಂತ ಗೊಣಗಿದ. ಆದರೆ ರೊಟ್ಟಿ ಮಾಡು ಅಂತ ಒಂದು ದಿನವೂ ಅನ್ನಲಿಲ್ಲ. ಅವ್ವ ರೊಟ್ಟಿ ಬಡಿಯುವ ಹೊತ್ತಿಗೆ ಸರಿಯಾಗಿ ಹೊರಗೆ ಬಂದು, ಎಲ್ಲರಿಗೂ ಕಾಣುವ ಹಾಗೆ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಎರಡೂ ಕೈ ತೊಡೆಯ ಮೇಲೆ. ಸೊಪ್ಪು ಸೋಸೋದಿಲ್ಲ, ಬತ್ತಿ ಹೊಸೆಯೋದಿಲ್ಲ, ಸುಮ್ಮನೆ ಕೈ ತೋರಿಸಿಕೊಂಡು ಕೂರೋದು. ಹೋಗೋರು ಬರೋರು ಆ ಕೈ ನೋಡಿ ಮುಖ ತಿರುಗಿಸೋರು.

ಕೆಲವು ದಿನ ಕೆಳಗಿನ ಮನೆ ತಣ್ಣಗಿತ್ತು. ಸ್ವಾತಿ ಕುಂಟಾಬಿಲ್ಲೆಯಲ್ಲಿ ನನ್ನನ್ನು ಸೋಲಿಸಿದಳು, ಗಟ್ಟಿಯಾಗಿ ನಕ್ಕಳು. ರೊಟ್ಟಿಯ ಪ್ರಶ್ನೆ ಕೇಳಲಿಲ್ಲ. ಅವಳು ಇಷ್ಟು ದಿನ ಕೇಳುತ್ತಿದ್ದದ್ದು ಯಾಕೆ ಅಂತ ನನಗೆ ಆಗ ಹೊಳೆಯಿತು. ನಮ್ಮ ರೊಟ್ಟಿಯ ಸದ್ದಿನ ಮರೆಯಲ್ಲೇ ಅವಳ ಅಮ್ಮನಿಗೆ ಏಟು ಬೀಳುತ್ತಿದ್ದದ್ದು.

ಆಮೇಲೆ ಆ ಸಂಜೆ ಬಂತು. ಸೆಕೆಯೆಂದರೆ ಸೆಕೆ, ಕರೆಂಟಿಲ್ಲ, ಗಾಳಿಗೆ ಅಂತ ಎಲ್ಲರೂ ಬಾಗಿಲು ತೆಗೆದು ಮೆಟ್ಟಿಲಿಗೆ ಬಂದು ನಿಂತಿದ್ದರು. ಮೂರ್ತಿಗಾರು ಆಗಷ್ಟೇ ಟೆರೇಸಿನಿಂದ ಇಳಿದು ಮನೆಯೊಳಗೆ ಹೋಗಿದ್ದರು, ಯಾರದೋ ಕೊನೆಯ ಕಂತಿನ ಮಾವಿನಕಾಯಿ ಕತ್ತರಿಸಿ.

ಧಪ್.

ಎಲ್ಲರ ತಲೆಯೂ ಅಭ್ಯಾಸದಿಂದ ಮೇಲೆ, ನಮ್ಮ ಕಡೆ ತಿರುಗಿತು. ಅವ್ವ ಮೆಟ್ಟಿಲ ಮೇಲೆ ಕೂತಿದ್ದಳು, ಕೈ ತೊಡೆಯ ಮೇಲೆ.

ಧಪ್ ಧಪ್ ಧಪ್. ಏನೋ ಬಿದ್ದು ಒಡೆಯಿತು. ತಲೆ ಗೋಡೆಗೆ ಬಡಿದ ಸದ್ದು ಬೇರೆ ಥರ ಇರುತ್ತದೆ, ಅದೂ ಕೇಳಿಸಿತು. ಎಲ್ಲರೂ ಅವ್ವನ ಕೈಯನ್ನೇ ನೋಡುತ್ತಿದ್ದರು. ಒಬ್ಬರೂ ಅಲುಗಲಿಲ್ಲ. ಪ್ರೆಸಿಡೆಂಟ್ ಗಾರು ಗಂಟಲು ಸರಿಮಾಡಿಕೊಂಡು, "ಅವರ ಮನೆ ವಿಷಯ..." ಅಂತ ಶುರುಮಾಡಿದರು. ಅಷ್ಟರಲ್ಲಿ ಒಳಗಿಂದ ಸ್ವಾತಿ ಚೀರಿದಳು, "ಬೇಡ ನಾನ್ನಾ, ಸತ್ತುಹೋಗ್ತಾಳೆ!"

ಅವ್ವ ಎದ್ದು ಕೆಳಗಿಳಿದು ಆ ಬಾಗಿಲನ್ನು ಬಡಿದಳು. ಮುಷ್ಟಿಯಿಂದಲ್ಲ. ಅಂಗೈಯಿಂದ, ರೊಟ್ಟಿ ಬಡಿದ ಹಾಗೆ, ಇಡೀ ಕಟ್ಟಡ ನಡುಗುವ ಹಾಗೆ ಬಡಿದಳು. ಬಾಗಿಲು ಸ್ವಲ್ಪ ತೆರೆಯಿತು. ಮೂರ್ತಿಗಾರ ಮುಖದಲ್ಲಿ ಅದೇ ನಗು. "ಏನಮ್ಮಾ, ಏನು ಗಲಾಟೆ?"

ಅವ್ವ ಬಲಗೈಯಿಂದ ಚೌಕಟ್ಟು ಹಿಡಕೊಂಡಳು. "ಪದ್ಮಾ, ಹೊರಗ ಬಾ."

ಅವನು ಆ ಕೈಯನ್ನು ನೋಡಿದ. ನೋಡಿಯೇ ಬಾಗಿಲು ಹಾಕಿದ. ಮರದ ದಪ್ಪ ಬಾಗಿಲು. ತೆರೆದ, ಮತ್ತೆ ಹಾಕಿದ. ಮಾವಿನಕಾಯಿಗೆ ಒಂದೇ ಏಟು ಸಾಕಾಗುತ್ತಿದ್ದ ಮನುಷ್ಯ ನಮ್ಮವ್ವನ ಕೈಗೆ ಎರಡು ಹಾಕಿದ. ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಅವ್ವ ಕೈ ತೆಗೆಯಲಿಲ್ಲ. ತೆಗೆದಿದ್ದರೆ ಚಿಲಕ ಬೀಳುತ್ತಿತ್ತು.

ನಾನು ಅವಳ ಕಂಕುಳಡಿಯಿಂದ ನುಗ್ಗಿ ಅವನ ತೋಳಿಗೆ ಬಾಯಿ ಹಾಕಿದೆ. ಹಲ್ಲು ಒಳಗಿಳಿಯೋವರೆಗೂ ಕಚ್ಚಿದೆ. ಬೆವರು, ಉಪ್ಪು, ಖಾರದ ಪುಡಿ, ಆಮೇಲೆ ರಕ್ತ. ಅವನು ನನ್ನನ್ನು ಕೊಡವಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ಎಸೆದ. ಹುಬ್ಬು ಸೀಳಿ ಒಂದು ಕಣ್ಣು ಮುಚ್ಚಿಹೋಯಿತು. ಇನ್ನೊಂದರಲ್ಲಿ ಕಂಡದ್ದು ಅಪ್ಪ. ಬ್ಯಾಂಕಿನಿಂದ ಬಂದವನು ಊಟದ ಡಬ್ಬಿ ಹಿಡಕೊಂಡೇ ಮೆಟ್ಟಿಲೇರಿ ಬಂದಿದ್ದ. ಅವ್ವನ ಕೈ ನೋಡಿದ, ನನ್ನ ಮುಖ ನೋಡಿದ. ಡಬ್ಬಿ ಕೆಳಗಿಟ್ಟ, ಹೌದು, ಕೆಳಗಿಟ್ಟ, ಅಂಥ ಮನುಷ್ಯ. ಆಮೇಲೆ ಮೂರ್ತಿಗಾರ ಮುಖಕ್ಕೆ ಒಂದು ಹೊಡೆದ. ಮೂಗು ಒಡೆದು ಅವನು ಗೋಡೆಗೆ ಕುಸಿದ. ಹೆಂಡತಿಯನ್ನು ಹೊಡೆಯುವವನು ಅಂತ ಆ ಕಟ್ಟಡ ಒಂದು ಕಾಲಕ್ಕೆ ನಂಬಿದ್ದ ನಮ್ಮಪ್ಪ ಜೀವಮಾನದಲ್ಲಿ ಇನ್ನೊಬ್ಬರ ಮೇಲೆ ಕೈ ಎತ್ತಿದ್ದು ಅದೊಂದೇ ಸಲ. ಎತ್ತಿದ ಮೇಲೆ ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟ.

ಪದ್ಮ ಪಿನ್ನಿ ಹೊರಗೆ ಬಂದಳು. ಬಾಯಿಂದ ರಕ್ತ, ಕೈಯಲ್ಲಿ ಸ್ವಾತಿಯ ಕೈ. ನಿಂತವರ ನಡುವೆ ಮೊದಲು ಅಲುಗಿದವಳು ಯಾರು ಗೊತ್ತೇ? ಪ್ರೆಸಿಡೆಂಟರ ಹೆಂಡತಿ, ನಮ್ಮ ಮನೆಯ ಸುದ್ದಿ ಮೊದಲು ಹಬ್ಬಿಸಿದವಳು. ಗಂಡನನ್ನು ಪಕ್ಕಕ್ಕೆ ತಳ್ಳಿ, ಇಬ್ಬರನ್ನೂ ತನ್ನ ಮನೆಯೊಳಗೆ ಎಳಕೊಂಡು ಚಿಲಕ ಹಾಕಿದಳು.

ಮರುದಿನ ಬೆಳಗಿನ ರೈಲಿಗೆ ನಾವೆಲ್ಲ ವಿಶಾಖಪಟ್ಟಣಕ್ಕೆ, ಅಂದರೆ ಪಿನ್ನಿ ಹೇಳಿದ ವೈಜಾಗಿಗೆ, ಹೊರಟೆವು. ಅವ್ವನ ಕೈಗೆ ಮೊಣಕೈವರೆಗೂ ಪ್ಲಾಸ್ಟರು, ನನ್ನ ಹುಬ್ಬಿಗೆ ಹೊಲಿಗೆ, ಪಿನ್ನಿಯ ತುಟಿ ಊದಿಕೊಂಡು ಮಾತು ತೊದಲು. ಬೋಗಿಯಲ್ಲಿದ್ದವರೆಲ್ಲ ನಮ್ಮನ್ನು ತಿರುತಿರುಗಿ ನೋಡುತ್ತಿದ್ದರು. ರೈಲು ಹೊರಟದ್ದೇ ಪಿನ್ನಿ ಅಳೋಕೆ ಶುರುಮಾಡಿದಳು. "ಜನ ಏನಂತಾರೆ ಅಕ್ಕ?"

"ಅನ್ನೋರು ಅಂತಾರ" ಅಂದಳು ಅವ್ವ. "ಅವರ ಬಾಯಿ ಅವರದು. ನಿನ್ನ ಮೈ ನಿಂದು. ಅವರ ಬಾಯಿಗೆ ಅಂಜಿ ನಿನ್ನ ಮೈ ಅವನ ಕೈಗೆ ಕೊಡ್ತಿಯೇನು?"

ಅಲ್ಲಿನ ಗಾಜುವಾಕದಲ್ಲಿ ಪಿನ್ನಿಯ ಅಕ್ಕನ ಮನೆ. ಆ ಮಹಾತಾಯಿ ಬಾಗಿಲು ತೆರೆದು, ತಂಗಿಯ ಮುಖ ನೋಡಿ ಕೇಳಿದ ಮೊದಲ ಮಾತು, "ಅವರಿಗೆ ಅಷ್ಟು ಸಿಟ್ಟು ಬರೋ ಹಾಗೆ ಏನು ಮಾಡಿದೆ?" ನನ್ನ ಮೈ ಉರಿದುಹೋಯಿತು. ಅವ್ವ ಪಿನ್ನಿಯ ಬ್ಯಾಗನ್ನು ಎಡಗೈಯಿಂದ ಎತ್ತಿಕೊಂಡು, "ಆ ಮಾತು ಕೇಳೂದಾದ್ರ ಈಗ ಹೇಳವಾ. ಬಾಗಲಕೋಟ್ಯಾಗ ನನ್ನ ತವರುಮನಿ ಐತಿ, ಕರಕೊಂಡು ಹೋಗ್ತೀನಿ" ಅಂದು ಮೆಟ್ಟಿಲಿಳಿಯೋಕೆ ತಿರುಗಿಯೇಬಿಟ್ಟಳು. ಅಕ್ಕ ಓಡಿಬಂದು ಬ್ಯಾಗು ಕಿತ್ತುಕೊಂಡಳು. ಕಿತ್ತುಕೊಂಡು ಅಳತೊಡಗಿದಳು. ಆಗ ನಾವು ಒಳಗೆ ಹೋದೆವು.

ವಿಜಯವಾಡಕ್ಕೆ ಹಿಂದಿರುಗುವಷ್ಟರಲ್ಲಿ ಕಟ್ಟಡ ನಮಗೆ ತೀರ್ಪು ಕೊಟ್ಟಿತ್ತು. ಸಂಸಾರ ಮುರಿದವಳು ಅಂತ ಅವ್ವನಿಗೆ ಹೆಸರು. ಮೂರ್ತಿಗಾರು ಎಲ್ಲಿಗೂ ಹೋಗಲಿಲ್ಲ, ಮೂಗಿಗೆ ಪಟ್ಟಿ ಹಾಕಿಕೊಂಡು ಎಲ್ಲರಿಗೂ ಅದೇ ನಗು ನಕ್ಕರು. ಪಿನ್ನಿಯೇ ಕೇಸು ಬೇಡ ಅಂದಿದ್ದಳು. ಮುಂದಿನ ಬೇಸಿಗೆಯಲ್ಲಿ ಅವರು ಮತ್ತೆ ಟೆರೇಸಿನಲ್ಲಿ ಕತ್ತಿ ಹಿಡಿದು ಕೂತರು, ಹೆಂಗಸರು ಮತ್ತೆ ಬಕೆಟ್ಟು ಹಿಡಿದು ಸಾಲಾಗಿ ಕೂತರು. ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವ್ವ ಮಾತ್ರ ಒಣಗಿದ ಬಟ್ಟೆ ತರೋಕೆ ಅವರ ನಡುವೆಯೇ ನಡೆದುಹೋಗುತ್ತಿದ್ದಳು, ತಲೆ ತಗ್ಗಿಸದೆ, ಒಂದೇ ಕೈಯಲ್ಲಿ ಬಟ್ಟೆ ಎಳೆದು ಹೆಗಲಿಗೆ ಹಾಕಿಕೊಂಡು. ಮಾತಾಡಿಸಿದವರನ್ನು ಮಾತಾಡಿಸಿದಳು, ಮಾತಾಡಿಸದವರನ್ನು ಬಿಟ್ಟಳು. ಪ್ರೆಸಿಡೆಂಟರ ಹೆಂಡತಿ ಮಾತ್ರ ಕತ್ತಲಾದ ಮೇಲೆ ಸೆರಗಿನಲ್ಲಿ ಮುಚ್ಚಿ ಒಂದು ಬಟ್ಟಲು ಆವಕಾಯಿ ತಂದುಕೊಟ್ಟಳು.

ಇದಕ್ಕೆಲ್ಲ ಮುಂಚೆ, ಪ್ಲಾಸ್ಟರು ತೆಗೆದ ದಿನ ಅವ್ವ ಅಟ್ಟದಿಂದ ಮಣೆ ಇಳಿಸಿದಳು. ಹಿಟ್ಟು ನಾದಿದಳು, ಮುದ್ದೆ ಮಾಡಿದಳು, ಕೈ ಎತ್ತಿದಳು. ನಡುಬೆರಳು, ಉಂಗುರಬೆರಳು ಎರಡೂ ಒಳಕ್ಕೆ ಮಡಚಿಕೊಂಡೇ ಇದ್ದವು. ಅಂಗೈ ಬಿಚ್ಚಿಕೊಳ್ಳಲಿಲ್ಲ. ರೊಟ್ಟಿ ನಡುವಿಗೆ ಸೀಳಿತು. ಮತ್ತೆ ಕೂಡಿಸಿ ಬಡಿದಳು, ಮತ್ತೆ ಸೀಳಿತು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಒಳಗೆ ಬಂದು ಮಣೆ ಎತ್ತಿಕೊಂಡ. ಅವ್ವ ತಡೆಯಲಿಲ್ಲ. ಆ ರಾತ್ರಿ ಅನ್ನದ ಮುಂದೆ ಕೂತು ಅಪ್ಪ, "ಇವತ್ತ ಊಟಾ ಚಲೋ ಆತು" ಅಂದ. ಖರೇ ಹೇಳ್ತೀನಿ, ನಮ್ಮಪ್ಪ ಹೇಳಿದ ಸುಳ್ಳುಗಳಲ್ಲಿ ನನಗೆ ನೆನಪಿರೋದು ಅದೊಂದೇ.

ಈಗ ನಾನಿರೋದು ವಿಶಾಖಪಟ್ಟಣದಲ್ಲೇ. ಪರವಾಡದ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ, ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗಿದ್ದಾಳೆ. ಪದ್ಮ ಪಿನ್ನಿ ಗಾಜುವಾಕದಲ್ಲಿ ಕರ್ರಿ ಪಾಯಿಂಟ್ ಇಟ್ಟು, ಪಲ್ಯ ಸಾರು ಮಾರಿ ಮಗಳನ್ನು ನರ್ಸಿಂಗ್ ಓದಿಸಿದಳು. ಸ್ವಾತಿ ತಿಂಗಳಿಗೊಮ್ಮೆ ಮನೆಗೆ ಬರುತ್ತಾಳೆ, ಅವ್ವನ ಮಡಚಿದ ಬೆರಳಿಗೆ ಎಣ್ಣೆ ಹಚ್ಚಿ ನೀವುತ್ತಾಳೆ. ರೊಟ್ಟಿ ಮಾತ್ರ ಅವಳು ಮುಟ್ಟೋದಿಲ್ಲ.

ಮೊನ್ನೆ ಸಂಜೆ ನಾನು ಕೆಲಸದಿಂದ ಬಂದು ಚಹಾಕ್ಕೆ ಇಟ್ಟಿದ್ದೆ. ಮೇಲಿನ ಮನೆಯಿಂದ ಸದ್ದು ಬಂತು. ಧಪ್ ಧಪ್ ಧಪ್. ಒಲೆ ಆರಿಸಿ ಅವ್ವನ ಹತ್ತಿರ ಓಡಿದೆ. ಮೇಲೆ ಹೊಸದಾಗಿ ಯಾರೋ ಗಂಡ ಹೆಂಡತಿ ಬಂದಿದ್ದರು, ಇನ್ನೂ ಮುಖಪರಿಚಯವಿರಲಿಲ್ಲ.

ಅವ್ವ ಕುರ್ಚಿಯಲ್ಲಿ ಕೂತು ಕಿವಿಗೊಟ್ಟು ಕೇಳಿದಳು. ಅವಳ ಮುಖ ಸಡಿಲವಾಯಿತು. "ರೊಟ್ಟಿ ಐತಿ" ಅಂದಳು. "ತಿರುವು ಕೇಳಿಸ್ತೇನು? ನಮ್ಮ ಕಡೀ ಹುಡುಗಿ."

"ಖರೇ ರೊಟ್ಟೀನ ಏನವ್ವ?"

"ಖರೇ. ನನಗ ತಿಳಿಯೂದಿಲ್ಲೇನು?" ಬಾಗಿಲ ಕಡೆ ಕೈ ಮಾಡಿದಳು. "ಆದ್ರೂ ಹೋಗಿ ನೋಡಿ ಬಾ."

ಹೋದೆ. ಬಾಗಿಲು ತೆರೆದದ್ದು ಮೊಣಕೈವರೆಗೂ ಹಿಟ್ಟಾದ ಹುಡುಗಿ, ಕಲಬುರಗಿಯವಳು. ನನ್ನ ಮುಖ ನೋಡಿ ಗಾಬರಿಯಾಗಿ, "ಸಾರಿ ಅಕ್ಕ, ಭಾಳ ಸದ್ದಾಗ್ತದೇನು? ಕೆಳಗಿನವರು ಏನ ಅಂತಾರೋ ಅಂತ ಹೆದರ್ಕೊಂಡ ಮಾಡ್ಲಿಕ್ಹತ್ತೀನಿ" ಅಂದಳು. "ನೀ ಬಡಿಯವಾ, ಎಷ್ಟ ಜೋರ ಬೇಕಾದ್ರೂ ಬಡಿ" ಅಂದೆ. ಎರಡು ಬಿಸಿ ರೊಟ್ಟಿ ತಟ್ಟೆಯಲ್ಲಿ ಹಾಕಿಕೊಟ್ಟಳು.

ಅವ್ವ ಆ ರೊಟ್ಟಿಯನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಅಂಥ ರೊಟ್ಟಿ ನಮ್ಮ ಮನೆಯಲ್ಲಿ ಕಂಡು ಎಷ್ಟು ಕಾಲವಾಯಿತು! ಅಪ್ಪ ಅದಿಲ್ಲದೆಯೇ ಹೋದ. ನನಗೆ ಬಡಿಯೋಕೆ ಬರೋದಿಲ್ಲ, ಕಲಿಸುವ ಕೈ ಆ ಬಾಗಿಲ ಸಂದಿಯಲ್ಲೇ ಹೋಯಿತು. ನಮ್ಮ ಮನೆಯ ಸಂಜೆಗಳಿಗೆ ಈಗ ಸದ್ದಿಲ್ಲ. ಇಷ್ಟು ವರ್ಷ ಕೇಳದೆ ಉಳಿದಿದ್ದ ಮಾತನ್ನು ಅವತ್ತು ಕೇಳಿಬಿಟ್ಟೆ.

"ಅವ್ವಾ, ಅವತ್ತ ಅವನು ಒಂದ ಸಲ ಬಾಗಲಾ ಹಾಕಿದ ಮ್ಯಾಲೆ ಕೈ ಯಾಕ ತಗೀಲಿಲ್ಲ ನೀ?"

ಅವ್ವ ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟುಕೊಂಡಳು. ನಿಧಾನಕ್ಕೆ ಅಗಿದಳು.

"ಉ‍ಪ್ಪ ಒಂಚೂರು ಕಡಿಮಿ ಆಗೈತಿ" ಅಂದಳು. "ನಾಳೆ ಆ ಹುಡುಗೀನ ಊಟಕ್ಕ ಕರಿ."